ಒಳಗಿನ ಚಿಲಕ

ನನ್ನ ಟೇಬಲ್ ಮೇಲೆ ಎರಡು ಫೋನ್ ಇವೆ. ಒಂದು ನಂದು, ಇನ್ನೊಂದು ಅಕ್ಕಂದು. ಅಕ್ಕ ತೀರ್ಕೊಂಡು ಮೂರು ತಿಂಗಳಾಯ್ತು. ಅವರ ಫೋನಿಗೆ ನಾನು ದಿನಾ ಚಾರ್ಜ್ ಹಾಕ್ತೀನಿ.

ಉಕ್ರೇನಲ್ಲಿ ಒಬ್ಬ ವಯಸ್ಸಾದ ತಾಯಿ, ಅವರ ಮಗಳು ಇದ್ರು. ಇಲ್ಲಿ ಅಮೆರಿಕದಲ್ಲಿ ಅವರಿಗೆ ಗೊತ್ತಿದ್ದ ನಂಬರ್ ಅಂದ್ರೆ ಇದೊಂದೇ. ಯುದ್ಧದ ಮಧ್ಯೆ ಅವರು ಮನೆ ಬಿಟ್ಟು ಹೊರಟ್ರಾ, ಅಲ್ಲೇ ಉಳಿದ್ರಾ, ಏನಾದ್ರು ಅಂತ ಅಕ್ಕನಿಗೆ ಕೊನೇವರೆಗೂ ಗೊತ್ತಾಗ್ಲಿಲ್ಲ. ನನಗೂ ಗೊತ್ತಾಗಿಲ್ಲ. ಅದಕ್ಕೇ ಚಾರ್ಜು.

ಅಕ್ಕನ ಹೆಸರು ಬರೆಯಲ್ಲ. ಒಂದ್ಸಲ ಇಲ್ಲಿನ ಕನ್ನಡ ಸಂಘದ ಪತ್ರಿಕೆಯೋರು ಅವರ ಬಗ್ಗೆ ಬರೀತೀವಿ ಅಂತ ಬಂದಾಗ, "ನನ್ನ ಹೆಸರು ಹಾಕಿದ್ರೆ ನಾಳೆಯಿಂದ ಎಲ್ಲಾರೂ ಊಟಕ್ಕೆ ಕರೀತಾರೆ. ನಂಗೆ ಶುಗರ್ ಇದೆ, ಬೇಡಿ" ಅಂದಿದ್ರು. ಮೈಸೂರಿನ ಮಂಡಿ ಮೊಹಲ್ಲಾದೋರು. ಮಹಾರಾಣಿ ಕಾಲೇಜಲ್ಲಿ ಮ್ಯಾಥ್ಸ್ ಓದಿದ್ರು. ಮದುವೆಯಾಗಿ ಇಲ್ಲಿಗೆ ಬಂದು, ಒಂದು ಸ್ಕೂಲಿನ ಅಡುಗೆಮನೇಲಿ ಮಕ್ಕಳಿಗೆ ಊಟ ಬಡಿಸಿ ರಿಟೈರ್ ಆದ್ರು. ಯಜಮಾನ್ರು ಹೋಗಿ ಬಹಳ ವರ್ಷ ಆಗಿತ್ತು. ಮಗಳು ಗೈದರ್ಸ್‌ಬರ್ಗಲ್ಲಿ. ಅಕ್ಕ ಮಾತ್ರ ಶ್ಯಾಂಟಿಲೀಲಿ, ನಮ್ಮ ಅಪಾರ್ಟ್‌ಮೆಂಟಿಗೆ ಎರಡು ಸಿಗ್ನಲ್ ಆಚೆ, ಒಬ್ಬರೇ ಇದ್ರು.

ನಾನು ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋನು. ಕೆ.ಆರ್. ನಗರದ ಬಸ್ ಸ್ಟ್ಯಾಂಡ್ ಹಿಂದೆ ಬಾಗಿಲು, ಕಿಟಕಿ ಮಾಡೋ ಅಂಗಡೀಲಿ ಇಪ್ಪತ್ತು ವರ್ಷ ಕೆಲಸ ಮಾಡ್ದೆ. ನನ್ನ ಹೆಂಡತಿ ನರ್ಸು. ಅವಳಿಗೆ ಇಲ್ಲಿನ ಆಸ್ಪತ್ರೇಲಿ ಕೆಲಸ ಸಿಕ್ತು, ಅವಳ ಹಿಂದೆ ನಾನು ಬಂದೆ. ವ್ಹೀಲ್‌ಚೇರಲ್ಲಿ ಇರೋ ಪೇಷಂಟ್‌ಗಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋ ವ್ಯಾನ್ ಓಡಿಸ್ತೀನಿ. ಕಂಪನಿಯಲ್ಲಿ ಮುಂದೆ ಹೋಗಬೇಕು ಅಂದ್ರೆ ಹೈಸ್ಕೂಲ್ ಸರ್ಟಿಫಿಕೇಟ್ ಬೇಕು ಅಂದ್ರು. ಇಲ್ಲಿ ದೊಡ್ಡೋರಿಗೂ ಅದಕ್ಕೆ ಒಂದು ಪರೀಕ್ಷೆ ಇದೆ, ಜಿಇಡಿ ಅಂತ. ಲೈಬ್ರರೀಲಿ ಪ್ರತಿ ಮಂಗಳವಾರ ಮ್ಯಾಥ್ಸ್ ಕ್ಲಾಸ್. ನಲವತ್ನಾಲ್ಕನೇ ವಯಸ್ಸಿಗೆ ಹೋಗಿ ಹಿಂದಿನ ಬೆಂಚಲ್ಲಿ ಕೂತೆ.

ಮೊದಲನೇ ದಿನ ಒಂದು ಲೆಕ್ಕ ಕೊಟ್ರು. ನಾನು ಬಾಯೊಳಗೇ, "ಏಳೇಳ್ಲಿ ನಲವತ್ತೊಂಬತ್ತು, ಏಳೆಂಟ್ಲಿ ಐವತ್ತಾರು..." ಅಂತ ಹೇಳ್ಕೋತಿದ್ದೆ. ಹಿಂದಿನಿಂದ ಒಂದು ದನಿ:

"ನಿಲ್ಲಿಸ್ಬೇಡ. ಏಳೊಂಬತ್ಲಿ?"

ತಿರುಗಿ ನೋಡಿದ್ರೆ ಬೂದು ಬಣ್ಣದ ದುಪಟ್ಟಾ ತಲೆ ಮೇಲೆ ಹೊದ್ದ ಒಬ್ಬರು ಹೆಂಗಸು, ಕೈಯಲ್ಲಿ ಚಾಕ್‌ಪೀಸು. ಬಿಟ್ಟಿ ಪಾಠ ಹೇಳೋಕೆ ಬರ್ತಿದ್ದ ವಾಲಂಟಿಯರ್ ಟೀಚರ್ ಅವರೇ.

"ಅರವತ್ಮೂರು, ಆಂಟಿ" ಅಂದೆ.

"ಲೆಕ್ಕ ಸರಿ. ಆಂಟಿ ತಪ್ಪು. ನಿನ್ನ ತಲೇಲಿ ನನಗಿಂತ ಜಾಸ್ತಿ ಬಿಳಿ ಕೂದ್ಲಿದೆ. ಅಕ್ಕ ಅನ್ನು."

ಅವತ್ತಿಂದ ಅಕ್ಕ.

ಎಕ್ಸ್ ಬರೋ ಲೆಕ್ಕ ನನ್ನ ತಲೆಗೆ ಹತ್ತುತ್ತಲೇ ಇರ್ಲಿಲ್ಲ. ನಂಬರ್ ಇರೋ ಕಡೆ ಅಕ್ಷರ ಯಾಕೆ ಬರುತ್ತೆ ಅಂತ ಸಿಟ್ಟು ಬರೋದು. ಅಕ್ಕ ಹೇಳ್ತಿದ್ರು: "ಎಕ್ಸ್ ಅಂದ್ರೆ ಎಷ್ಟು ಅಂತ ಈಗ ಗೊತ್ತಿಲ್ಲ. ಆದ್ರೆ ಅವನು ಎಲ್ಲೋ ಇದಾನೆ ಅಂತ ಮೊದ್ಲು ಒಪ್ಕೋ. ಇದಾನೆ ಅಂತ ಒಪ್ಕೊಂಡ್ರೆ ಮಾತ್ರ ಹುಡುಕ್ಬಹುದು." ಎರಡು ಸಲ ಪರೀಕ್ಷೆ ಬರೆದೆ, ಎರಡು ಸಲಾನೂ ಮ್ಯಾಥ್ಸಲ್ಲಿ ಫೇಲ್. ಬಿಡ್ತೀನಿ ಅಂದೆ. "ಬಿಡು. ಬಿಟ್ರೆ ನನ್ನ ಮಂಗಳವಾರ ವಾಪಸ್ ಕೊಡು. ಎಂಬತ್ತು ಮಂಗಳವಾರ" ಅಂದ್ರು. ಅದನ್ನ ಎಲ್ಲಿಂದ ತಂದು ಕೊಡ್ಲಿ? ಬಿಡ್ಲಿಲ್ಲ.

ಯುದ್ಧ ಶುರುವಾದ ಮೇಲೆ ಅಕ್ಕ ಒಂದು ಗುಂಪಿಗೆ ಸೇರಿದ್ರು. ಏಳೆಂಟು ಜನ, ಹೆಚ್ಚಿನೋರು ರಿಟೈರ್ ಆದೋರು. ಉಕ್ರೇನ್ ಬಿಟ್ಟು ಬರೋರಿಗೆ ಇಲ್ಲಿ ಇರೋಕೆ ಮನೆ ಹುಡುಕೋದು ಕೆಲಸ. ಬಾಡಿಗೆ ಮನೆ ಅಲ್ಲ. ಇಲ್ಲಿನೋರು ಯಾರಾದ್ರೂ, ನಮ್ಮನೇಲಿ ಒಂದು ರೂಮಿದೆ, ಬಂದು ಇರ್ಲಿ ಅಂತ ಮುಂದೆ ಬರ್ತಾರಲ್ಲ, ಅಂಥೋರು. ಆ ಮನೆಯೋರು ಸರ್ಕಾರಕ್ಕೆ ಒಂದು ಫಾರಂ ತುಂಬಬೇಕು, ಇವರ ಜವಾಬ್ದಾರಿ ನಮ್ಮದು ಅಂತ. ಮನೆಯೋರನ್ನೂ ಬರೋರನ್ನೂ ಜೋಡಿಸೋದು ಈ ಗುಂಪು. ಅಕ್ಕನಿಗೆ ಹೈವೇ ಅಂದ್ರೆ ಭಯ, ಹಾಲಿನಂಗಡಿಗೆ ಮಾತ್ರ ಕಾರು. ಅದಕ್ಕೆ ದೂರದ ಮನೆಗಳಿಗೆ ಶನಿವಾರ ನನ್ನ ಹಳೇ ಮಿನಿವ್ಯಾನಲ್ಲಿ ನಾನು ಕರ್ಕೊಂಡು ಹೋಗ್ತಿದ್ದೆ. ಮಂಗಳವಾರ ಅವರು ನನಗೆ, ಶನಿವಾರ ನಾನು ಅವರಿಗೆ.

ಮೊದಲನೇ ಜೋಡಿ ಮಾಡಿದ್ದು ಅಕ್ಕನೇ, ಕೆಡಿಸಿದ್ದೂ ಅಕ್ಕನೇ ಅಂತ ಅವರೇ ಹೇಳೋರು. ಎಲಿಕಾಟ್ ಸಿಟೀಲಿ ನಮ್ಮ ಕನ್ನಡದೋರ ಮನೆ. ಗಂಡ ಹೆಂಡತಿ ಇಬ್ರೂ ಚಿನ್ನದಂಥೋರು. ಅವರ ಮನೆಗೆ ಒಬ್ಬ ತಾಯಿ, ಹದಿನೈದು ವರ್ಷದ ಮಗಳು ಬಂದ್ರು. ಏರ್‌ಪೋರ್ಟಿಂದ ಕರ್ಕೊಂಡು ಬಂದೋನು ನಾನು. ಬಾಗಿಲಲ್ಲಿ ಆರತಿ ಎತ್ತಿದ್ರು. ಹಣೆಗೆ ಕುಂಕುಮ ಇಟ್ರು. ಆ ಹುಡುಗಿ ಬೆಂಕಿ ನೋಡಿ ಹಿಂದೆ ಸರಿದಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂಗಿದೆ. ಮಾರನೇ ದಿನದಿಂದ ಸಂಘದೋರೆಲ್ಲ ನೋಡೋಕೆ ಬರೋಕೆ ಶುರು. ಅಕ್ಕನೇ ಎಲ್ಲಾರಿಗೂ ಫೋನ್ ಮಾಡಿ, "ಪಾಪ, ಹೊಸ ಜಾಗ, ಹೋಗಿ ಮಾತಾಡ್ಸಿ" ಅಂದಿದ್ರು. ಹೊಸ ಮದುವಣಗಿತ್ತಿ ನೋಡೋ ಥರ ಜನ. ಒಬ್ಬರು ಮೈಸೂರ್ ಪಾಕ್, ಒಬ್ಬರು ಬಿಸಿಬೇಳೆಬಾತು, ಒಬ್ಬರು ಸೀರೆ. ಎಲ್ಲಾರ ಜೊತೆ ಫೋಟೋ. ತಟ್ಟೆ ತೊಳೀತೀನಿ ಅಂದ್ರೆ ಆ ತಾಯಿ ಕೈಯಿಂದ ಕಿತ್ಕೊಳ್ಳೋರು. ಮಲಗಿದಾರೆ ಅಂತ ಗೊತ್ತಿದ್ರೂ ಆ ಮನೆಯಾಕೆ ಬಾಗಿಲು ತೆಗೆದು, "ಹಾಲು ತಂದಿದೀನಿ" ಅಂತ ಒಳಗೆ ಹೋಗೋರು. ನಮ್ಮ ಮನೆಗಳಲ್ಲಿ ಬಾಗಿಲು ತಟ್ಟೋ ಅಭ್ಯಾಸ ಎಲ್ಲಿದೆ?

ಹನ್ನೊಂದನೇ ದಿನ ಆ ತಾಯಿ ಅಕ್ಕನಿಗೆ ಮೆಸೇಜ್ ಮಾಡಿದ್ರು. ಇಂಗ್ಲಿಷಲ್ಲಿತ್ತು. ಅಕ್ಕ ನನಗೆ ವ್ಯಾನಲ್ಲಿ ಓದಿ ಹೇಳಿದ್ರು: "ಇವರು ತುಂಬಾ ತುಂಬಾ ಒಳ್ಳೆಯವರು. ದಯವಿಟ್ಟು ಇಷ್ಟು ಒಳ್ಳೆಯವರಲ್ಲದ ಯಾರಾದ್ರೂ ಇದ್ರೆ ನೋಡಿ."

ನಾನು ನಕ್ಕೆ. ಅಕ್ಕ ನಗ್ಲಿಲ್ಲ. ಹೋಗಿ ವಿಚಾರಿಸಿದ್ರೆ, ಆ ತಾಯಿ ದಿನಕ್ಕೆ ಎರಡು ಮೂರು ಗಂಟೆ ಬಾತ್‌ರೂಮಲ್ಲಿ ನೆಲದ ಮೇಲೆ ಕೂತಿರ್ತಿದ್ರಂತೆ. ಆ ಮನೇಲಿ ಒಳಗಿಂದ ಹಾಕ್ಕೊಳ್ಳೋಕೆ ಬರ್ತಿದ್ದ ಬಾಗಿಲು ಅದೊಂದೇ. ಅಲ್ಲಿ ಕೂತು ಅಳ್ತಿದ್ರಾ ಅಂತ ಅಕ್ಕ ಮಗಳನ್ನ ಕೇಳಿದ್ರು. ಹುಡುಗಿ ಇಲ್ಲ ಅಂದ್ಲು. ಸುಮ್ನೆ ಕೂತಿರ್ತಾರೆ ಅಷ್ಟೇ ಅಂದ್ಲು.

ಆಮೇಲೆ ಅಕ್ಕ ಒಂದು ನಿಯಮ ಮಾಡ್ಕೊಂಡ್ರು. ತಾನು ಹೋಗಿ ಕಣ್ಣಾರೆ ನೋಡದೇ ಇರೋ ಮನೆಗೆ ಯಾರನ್ನೂ ಕಳಿಸಲ್ಲ. ಮತ್ತೆ, ಆ ರೂಮಿನ ಬಾಗಿಲಿಗೆ ಒಳಗಿಂದ ಚಿಲಕ ಹಾಕದೇ ಹೂಂ ಅನ್ನಲ್ಲ.

ಚಿಲಕ ಅವರೇ ತರ್ತಿದ್ರು. ಮೈಸೂರಿಂದ ಯಾರೋ ಬರೋರ ಕೈಲಿ ಹೇಳಿ ತರಿಸಿದ ಹಿತ್ತಾಳೆ ಚಿಲಕ, ಬೆರಳುದ್ದದ್ದು. ಹಳೇ ಕರ್ಚೀಫಲ್ಲಿ ಸುತ್ತಿ ಹ್ಯಾಂಡ್‌ಬ್ಯಾಗಲ್ಲಿ ಇಟ್ಕೊಂಡಿರೋರು. ಅವರ ಬ್ಯಾಗಲ್ಲಿ ಶುಗರ್ ಮಾತ್ರೆ, ಜಪಮಣಿ, ಚಿಲಕ, ನಾಲ್ಕು ಸ್ಕ್ರೂ ಯಾವಾಗ್ಲೂ ಇರೋದು. "ಇಲ್ಲಿ ಬಹಳ ಮನೇಲಿ ಹ್ಯಾಂಡಲಲ್ಲೇ ಲಾಕ್ ಇರುತ್ತಲ್ಲಕ್ಕ" ಅಂದೆ. "ಅದಕ್ಕೆ ಹೊರಗಿಂದ ಹೇರ್‌ಪಿನ್ ಚುಚ್ಚಿದ್ರೆ ತೆರ್ಕೊಳ್ಳುತ್ತೆ. ಅದು ಲಾಕಲ್ಲ ಕಣಪ್ಪ, ಬರೀ ಮರ್ಯಾದೆ. ಒಳಗಿಂದ ಹಾಕ್ಕೊಳ್ಳೋಕಾಗದೇ ಇರೋ ರೂಮು ರೂಮಲ್ಲ, ವರಾಂಡ." ಬಾಗಿಲಿಗೆ ಚಿಲಕ ಕೂರಿಸೋ ಕೆಲಸ ನಂದು. ಅದೊಂದು ವಿದ್ಯೆ ನನಗೆ ಚೆನ್ನಾಗಿ ಬರುತ್ತೆ.

ಮನೆ ನೋಡೋ ರೀತೀನೇ ಬೇರೆ ಅವರದು. ಮೆಟ್ಟಿಲು ಇದ್ರೆ ಜೋರಾಗಿ ಎಣಿಸ್ಕೊಂಡು ಹತ್ತೋರು. ಆ ರೂಮಿನ ಮಂಚದ ಮೇಲೆ ಚಪ್ಪಲಿ ಬಿಟ್ಟು ಕಾಲು ಮೇಲಿಟ್ಟು ಕೂರೋರು. ಎರಡು ನಿಮಿಷ ಮಾತಿಲ್ಲ. ಮನೆಯೋರು ಮುಖ ಮುಖ ನೋಡ್ಕೊಳ್ಳೋರು. ಆಮೇಲೆ ನಾನು ಚಿಲಕ ಹಾಕ್ತಿದ್ದೆ, ಅಕ್ಕ ಫೋಟೋ ತೆಗೆದು ಆ ಕಡೆಯೋರಿಗೆ ಕಳಿಸೋರು: "ಇದು ನಿಮ್ಮ ಬಾಗಿಲು. ಚಿಲಕ ಒಳಗಿದೆ." ಮನೆ ಫೋಟೋ ಅಲ್ಲ, ತೋಟದ ಫೋಟೋ ಅಲ್ಲ. ಇದೊಂದೇ.

ಕೆಲವರಿಗೆ ಬೇಜಾರಾಗೋದು. ಗೈದರ್ಸ್‌ಬರ್ಗಲ್ಲಿ ಒಬ್ಬ ಸಾಹೇಬ್ರು, "ಏನ್ರೀ, ನಾನು ಕಳ್ಳ ಅನ್ಕೊಂಡಿದೀರಾ?" ಅಂದ್ರು. "ಇಲ್ಲ ಸಾರ್. ಕಳ್ಳ ಅಂತ ಅನ್ಸಿದ್ರೆ ನಿಮ್ಮನೆ ಟೀ ಕುಡೀತಿದ್ನಾ?" ಅಂತ ಅಕ್ಕ ಇನ್ನೊಂದು ಗುಟುಕು ಕುಡಿದ್ರು. ಅವರೂ ನಕ್ಕು ಡ್ರಿಲ್ ತಂದುಕೊಟ್ರು.

ಗುಂಪಿನಲ್ಲೇ ಒಬ್ಬರು ಮೇಡಂ ಇದ್ರು, ವಿಡಿಯೋ ಕಾಲಲ್ಲೇ ಎಲ್ಲಾ ಮುಗಿಸೋರು, ಅಕ್ಕ ಒಂದು ಮನೆ ನೋಡೋದ್ರೊಳಗೆ ಹತ್ತು. ಒಂದ್ಸಲ ಮೀಟಿಂಗಲ್ಲಿ ಎಲ್ಲಾರ ಮುಂದೆ ಅಂದ್ರು, "ಅಲ್ಲಿ ತಲೆ ಮೇಲೆ ಬಾಂಬ್ ಬೀಳ್ತಿದೆ. ನೀವಿಲ್ಲಿ ಚಿಲಕ ನೋಡ್ತಾ ಕೂತಿದೀರ." ವಾಪಸ್ ಬರ್ತಾ ಅಕ್ಕ ವ್ಯಾನ್ ಬಾಗಿಲನ್ನ ಎರಡು ಸಲ ಹಾಕಿದ್ರು. ಬೇಜಾರಾದಾಗ ಅವರು ಹಂಗೇ, ಒಂದು ಸಲ ಹಾಕಿ, ತೆಗೆದು, ಇನ್ನೊಂದು ಸಲ ಹಾಕೋರು.

"ಅವರು ಹೇಳಿದ್ದು ಸುಳ್ಳೇನಲ್ಲ" ಅಂದ್ರು ಸ್ವಲ್ಪ ದೂರ ಹೋದ್ಮೇಲೆ. ಆಮೇಲೆ ತಮ್ಮ ಕಥೆ ಹೇಳಿದ್ರು. ಮದುವೆಯಾಗಿ ಬಂದ ಹೊಸದ್ರಲ್ಲಿ ಯಜಮಾನರ ಅಣ್ಣನ ಮನೇಲಿ ಎಂಟು ತಿಂಗಳು ಇದ್ರಂತೆ. ಹಾಲ್‌ನಲ್ಲಿ ಹಾಸಿಗೆ, ಸುತ್ತ ಒಂದು ಪರದೆ. "ಬಾವ ಬಂಗಾರದಂಥ ಮನುಷ್ಯ. ವಾರಗಿತ್ತಿ ನನ್ನ ಸ್ವಂತ ಅಕ್ಕನ ಹಂಗೆ. ಒಂದು ದಿನಾನೂ ಒಂದು ಮಾತು ಅಂದಿಲ್ಲ. ಆದ್ರೂ ಎಂಟು ತಿಂಗಳು ನಾನು ನಿದ್ದೆ ಮಾಡ್ಲಿಲ್ಲಪ್ಪ. ಒಳ್ಳೇರ ಮನೇಲಿದ್ರೆ ದೂರು ಹೇಳೋಕೂ ಆಗಲ್ಲ ನೋಡು." ದುಪಟ್ಟಾನ ಕಣ್ಣ ಮೇಲೆ ಎಳ್ಕೊಂಡು ಸೀಟಿಗೆ ಒರಗಿದ್ರು. ಮಲಗಿರ್ಲಿಲ್ಲ. ಬೆರಳಲ್ಲಿ ಜಪಮಣಿ ಓಡ್ತಾ ಇತ್ತು.

ಮೊದ್ಲೇ ಹೇಳಿದ್ನಲ್ಲ, ಆ ವಯಸ್ಸಾದ ತಾಯಿ, ಮಗಳು, ಅವರ ವಿಷಯ ಬಂದಿದ್ದು ಆ ವರ್ಷದ ಅಕ್ಟೋಬರಲ್ಲಿ.

ಮಗಳು ಸ್ಕೂಲಲ್ಲಿ ಭೂಗೋಳ ಹೇಳ್ಕೊಡೋ ಟೀಚರ್. ತಾಯಿಗೆ ಎಂಬತ್ತರ ಹತ್ರ, ರೈಲ್ವೇಲಿ ಕೆಲಸ ಮಾಡಿದೋರು, ವಾಕರ್ ಹಿಡ್ಕೊಂಡು ನಡಿಯೋರು. ಯುದ್ಧ ನಡೀತಿದ್ದ ಜಾಗಕ್ಕೆ ಹತ್ರದ ಒಂದು ಊರು. ಕರೆಂಟ್ ಬಂದಾಗ ಮಗಳು ಅಕ್ಕನಿಗೆ ಮೆಸೇಜ್ ಮಾಡೋರು. ಊರಿಂದ ಜನರನ್ನ ಸುರಕ್ಷಿತ ಕಡೆಗೆ ಕರ್ಕೊಂಡು ಹೋಗೋ ಬಸ್ಸು ವಾರಕ್ಕೆ ಎರಡು ಸಲ ಬರ್ತಿತ್ತಂತೆ. ದೇಶದ ಆ ಕಡೆ ತುದೀಲಿ ಅವರ ಕಸಿನ್ ಇದ್ರು, ಅಲ್ಲಿಗೆ ಹೋಗಿ ಕೂತು ಪೇಪರ್ ಆಗೋವರೆಗೂ ಕಾಯ್ಬಹುದಿತ್ತು. ಆದ್ರೆ ಮುದುಕಿ ಏಳಲ್ಲ ಅಂತ ಹಟ. ಈ ಮನೆ ಬಿಟ್ರೆ ಮುಂದೆ ಯಾವ ಮನೆ ಅಂತ ಗೊತ್ತಾಗದೇ ನಾನು ಹೊಸ್ತಿಲು ದಾಟಲ್ಲ ಅಂತ. ಅಕ್ಕ ಬಾಗಿಲಿನ ಫೋಟೋ ಕಳಿಸ್ತಾರೆ ಅನ್ನೋದು ಅವರ ಕಿವಿಗೂ ಬಿದ್ದಿತ್ತು. "ನನ್ನ ಬಾಗಿಲಿನ ಫೋಟೋ ತೋರ್ಸು, ಕೋಟು ಹಾಕ್ಕೋತೀನಿ" ಅಂದ್ರಂತೆ ಮಗಳಿಗೆ.

ಅಕ್ಕನಿಗೆ ಆ ಮುದುಕಿ ಅಂದ್ರೆ ಪ್ರಾಣ ಆಗೋಯ್ತು. "ನನ್ನ ಥರಾನೇ ಹಟಮಾರಿ" ಅನ್ನೋರು. ಮೆಟ್ಟಿಲಿಲ್ಲದ ಮನೆ ಬೇಕಿತ್ತು. ಹುಡುಕಿ ಹುಡುಕಿ ಶಾರ್ಲಟಲ್ಲಿ ಒಂದು ಮನೆ ಸಿಕ್ತು. ಅಮೆರಿಕನ್ ಗಂಡ ಹೆಂಡತಿ, ಇಬ್ರೂ ಎಪ್ಪತ್ತು ದಾಟಿದೋರು, ಮಹಡಿ ಇಲ್ದೇ ಎಲ್ಲಾ ಕೆಳಗೇ ಇರೋ ಮನೆ. ಇಲ್ಲಿಂದ ಆರೂವರೆ ಗಂಟೆ ಡ್ರೈವ್. ಶನಿವಾರ ಬೆಳಿಗ್ಗೆ ಹೊರಡೋದು ಅಂತ ಆಯ್ತು.

ಅದೇ ಶನಿವಾರ ನನ್ನ ಮೂರನೇ ಸಲದ ಮ್ಯಾಥ್ಸ್ ಪರೀಕ್ಷೆ. ನಾನು ಮುಂಚೇನೇ ಹೇಳಿದ್ದೆ, "ಅಕ್ಕ, ಪರೀಕ್ಷೆ ಮುಂದಕ್ಕೆ ಹಾಕ್ತೀನಿ, ಅದೇನು ಓಡಿಹೋಗುತ್ತಾ, ಶಾರ್ಲಟ್‌ಗೆ ಹೋಗೋಣ." ಸರಿ ಅಂದಿದ್ರು. ಗುರುವಾರ ಫೋನ್ ಮಾಡಿ ಹೇಳಿದ್ರು, "ಶಾರ್ಲಟಿನೋರು ಈ ಶನಿವಾರ ಊರಲ್ಲಿಲ್ವಂತೆ. ಮುಂದಿನ ವಾರ ಬನ್ನಿ ಅಂದ್ರು. ನೀನು ಹೋಗಿ ಪರೀಕ್ಷೆ ಬರಿ. ಎಕ್ಸ್ ಇದಾನೆ ಅಂತ ಒಪ್ಕೊಂಡು ಹೋಗು."

ಹೋದೆ. ಬರೆದೆ. ಸೋಮವಾರ ರಿಸಲ್ಟ್ ಬಂತು. ಪಾಸು.

ಅಕ್ಕನಿಗೆ ಫೋನ್ ಮಾಡ್ದೆ. "ನನ್ನ ಮಂಗಳವಾರ ವಾಪಸ್ ಬಂತು" ಅಂದ್ರು. ನನ್ನ ಹೆಂಡತಿ ಸ್ವೀಟ್ ಮಾಡಿ ಕಳಿಸಿದ್ಲು, ಶುಗರ್ ಇದ್ರೂ ಒಂದು ತಿಂದ್ರು.

ಮುಂದಿನ ಶನಿವಾರ ಶಾರ್ಲಟ್‌ಗೆ ಹೋದ್ವಿ. ಆರೂವರೆ ಗಂಟೇಲಿ ಅಕ್ಕ ಆರು ಮಾತಾಡಿರ್ಲಿಕ್ಕಿಲ್ಲ. ಜ್ವರ ಇರ್ಬೇಕು ಅನ್ಕೊಂಡೆ. ಫೋನನ್ನ ತೊಡೆ ಮೇಲೆ ಇಟ್ಕೊಂಡು ಆಗಾಗ ನೋಡೋರು. ಆ ಮನೆ ಅಜ್ಜಿ ಸೇಬಿನ ಪೈ ಮಾಡಿ ಇಟ್ಟಿದ್ರು. ಅಜ್ಜ ನನ್ನ ಕೈ ಕುಲುಕಿ, "ಹೋದ ಶನಿವಾರಾನೂ ಇವಳು ಪೈ ಮಾಡಿ ಕಾಯ್ತಿದ್ಲು" ಅಂದ್ರು. ನಾನು ಅಕ್ಕನ ಮುಖ ನೋಡಿದೆ. ಅಕ್ಕ ಮೇಜಿನ ಕಡೆ ನೋಡ್ತಿದ್ರು. ಆಮೇಲೆ ವ್ಯಾನಲ್ಲಿ ಕೇಳಿದೆ, "ಅವರು ಊರಲ್ಲಿರ್ಲಿಲ್ಲ ಅಂದ್ರಲ್ಲಕ್ಕ?" "ವಯಸ್ಸಾಗಿದೆ ಕಣಪ್ಪ, ಮರ್ತಿರ್ತಾರೆ" ಅಂದ್ರು. ನಾನು ನಂಬಿದೆ. ಅಕ್ಕ ಹೇಳಿದ್ದನ್ನ ನಂಬದೇ ಇರೋ ಅಭ್ಯಾಸ ನನಗಿರ್ಲಿಲ್ಲ.

ರೂಮು ಚೆನ್ನಾಗಿತ್ತು. ಕಿಟಕಿ ಆಚೆ ಒಂದು ಮರ, ಎಲೆಯೆಲ್ಲ ಕೆಂಪಾಗಿತ್ತು. ಅಕ್ಕ ಮಂಚದ ಮೇಲೆ ಕಾಲಿಟ್ಟು ಕೂತ್ರು. ಎರಡು ನಿಮಿಷ ಅಲ್ಲ, ಬಹಳ ಹೊತ್ತು. ನಾನು ಚಿಲಕ ಇಟ್ಟು ಪೆನ್ಸಿಲಲ್ಲಿ ಗುರುತು ಹಾಕ್ತಿದ್ರೆ, "ಇನ್ನೂ ಸ್ವಲ್ಪ ಕೆಳಗೆ ಹಾಕು. ವಾಕರ್ ಹಿಡ್ಕೊಂಡೋರಿಗೆ ಕೈ ಎಟುಕಬೇಕು" ಅಂದ್ರು. ಕೆಳಗೆ ಹಾಕ್ದೆ. "ಮೆಲ್ಲಗೆ ತಿರುಗ್ಸು, ಅವಸರ ಇಲ್ಲ" ಅಂದ್ರು. ಯಾವಾಗ್ಲೂ, "ಬೇಗ ಬೇಗ, ಮುದುಕಿ ಕೋಟು ಹಾಕ್ಕೋಬೇಕು" ಅಂತಿದ್ದೋರು. ಫೋಟೋ ತೆಗೆದ್ರು, ಕಳಿಸಿದ್ರು.

ಎರಡು ವಾರ ಆದ್ಮೇಲೆ ನಾನೇ ಕೇಳಿದೆ, ಹೊರಟ್ರಾ ಅಂತ. "ನೆಟ್‌ವರ್ಕ್ ಇಲ್ಲ ಅನ್ಸುತ್ತೆ" ಅಂದ್ರು. ಇನ್ನೊಂದು ತಿಂಗಳಿಗೆ ಕೇಳಿದಾಗ ಇಲ್ಲ ಅಂತ ತಲೆ ಆಡ್ಸಿದ್ರು. ಆ ಊರಿನ ಹೆಸರು ಹಾಕಿ ಎಲ್ಲೆಲ್ಲೋ ಬರೆದು ವಿಚಾರಿಸಿದ್ರು ಅಂತ ಮಾತ್ರ ಗೊತ್ತು. ಕಸಿನ್ ನಂಬರ್ ಇರ್ಲಿಲ್ಲ, ಹೆಸರೂ ಇರ್ಲಿಲ್ಲ. ಶಾರ್ಲಟಿನ ಅಜ್ಜ ಅಜ್ಜಿ ಆರು ತಿಂಗಳು ಆ ರೂಮನ್ನ ಖಾಲಿ ಇಟ್ಕೊಂಡಿದ್ದು, ಆಮೇಲೆ ಬೇರೆ ಒಂದು ಸಂಸಾರಕ್ಕೆ ಕೊಟ್ರು. ಕೊಡಿ ಅಂತ ಅಕ್ಕನೇ ಹೇಳಿದ್ದು.

ಅಷ್ಟೊತ್ತಿಗೆ ಅಕ್ಕನಲ್ಲಿ ಒಂದು ಬದಲಾವಣೆ ಆಗಿತ್ತು. ಚಿಲಕದ ನಿಯಮ ಬಿಡ್ಲಿಲ್ಲ. ಆದ್ರೆ ನನಗೆ ಕಾಯೋದು ಬಿಟ್ರು. ಅರವತ್ತೊಂಬತ್ತನೇ ವಯಸ್ಸಲ್ಲಿ ಹೈವೇ ಡ್ರೈವಿಂಗ್ ಕಲಿತ್ರು! ಬಲಗಡೆ ಲೇನಲ್ಲಿ, ಲಾರಿಗಳೆಲ್ಲ ಹಾರ್ನ್ ಹೊಡೀತಿದ್ರೂ ತನ್ನ ಪಾಡಿಗೆ ತಾನು ಐವತ್ತು ಮೈಲಿ ಸ್ಪೀಡಲ್ಲಿ ಹೋಗೋರು. ಸ್ಕ್ರೂ ಡ್ರೈವರ್ ತಗೊಂಡು ಚಿಲಕ ಹಾಕೋದೂ ಕಲಿತ್ರು. ಸೊಟ್ಟಗೆ ಹಾಕೋರು, ಆಮೇಲೆ ನಾನು ಹೋಗಿ ಸರಿ ಮಾಡ್ಬೇಕಾಗಿತ್ತು. ಮಗಳು ಬಯ್ದ್ರೂ ಕೇಳ್ಲಿಲ್ಲ. "ಶನಿವಾರದವರೆಗೆ ಇರಿ ಅಕ್ಕ, ನಾನು ಬರ್ತೀನಿ" ಅಂದ್ರೆ, "ನನಗೆ ಈಗ ಶನಿವಾರ ಗಿನಿವಾರ ಇಲ್ಲಪ್ಪ. ಕೇಳಿದ ದಿನಾನೇ ಹೊರಡೋದು" ಅಂತಿದ್ರು. ನಿಜ ಹೇಳ್ತೀನಿ, ನನಗೆ ಸ್ವಲ್ಪ ಬೇಜಾರಾಯ್ತು. ಪಾಸಾದ್ಮೇಲೆ ಇವನ ಸಹವಾಸ ಸಾಕು ಅನ್ಕೊಂಡ್ರೇನೋ ಅಂತ. ಹೆಂಡತಿ ಹತ್ರ ಹೇಳ್ಕೊಂಡೆ. "ಅವರಿಗೂ ಸ್ವಾತಂತ್ರ್ಯ ಬೇಡ್ವೇನ್ರೀ?" ಅಂದ್ಲು.

ಇನ್ನೊಂದು ವಿಷಯ. ಅಕ್ಕನ ಮಗಳು ಅವರಿಗೆ ಹೊಸ ಫೋನ್ ಕೊಡ್ಸಿದ್ಲು, ಹೊಸ ನಂಬರ್. ಹಳೇದನ್ನ ಅಕ್ಕ ಬಿಡ್ಲಿಲ್ಲ. ಎರಡೂ ಬ್ಯಾಗಲ್ಲಿ. "ಮ್ಯೂಸಿಯಮ್ಮಿಗೆ ಕೊಡ್ತೀರಾ ಅಮ್ಮೀ?" ಅಂತ ಮಗಳು ರೇಗಿಸಿದ್ರೆ, "ಅವರಿಗೆ ಗೊತ್ತಿರೋದು ಈ ನಂಬರ್" ಅನ್ನೋರು, ಅಷ್ಟೇ. ಯಾರಿಗೆ ಅಂತ ಮಗಳು ಕೇಳ್ತಿರ್ಲಿಲ್ಲ. ಊಟಕ್ಕೆ ಕೂತಾಗ ತಟ್ಟೆ ಪಕ್ಕದಲ್ಲಿ, ನಮಾಜಿಗೆ ಕೂತಾಗ ಚಾಪೆ ಪಕ್ಕದಲ್ಲಿ ಆ ಹಳೇ ಫೋನ್ ಇರೋದು.

ಅಕ್ಕ ಹೋಗಿದ್ದು ಹಾರ್ಟಿಂದ, ಒಂದೇ ದಿನದಲ್ಲಿ. ಮಣ್ಣಿಗೆ ನಾನೂ ಹೋಗಿದ್ದೆ. ಹಿಂದೆ ನಿಂತಿದ್ದೆ. ಅಕ್ಕನ ಅಳಿಯ ಕೈ ಹಿಡಿದು ಮುಂದೆ ಕರ್ಕೊಂಡು ಹೋಗಿ, ಮೂರು ಹಿಡಿ ಮಣ್ಣು ಹಾಕಿ ಅಂದ್ರು. ಹಾಕ್ದೆ. ಸುತ್ತ ಒಂದಷ್ಟು ಉಕ್ರೇನಿನೋರೂ ಬಂದಿದ್ರು. ಎಲಿಕಾಟ್ ಸಿಟಿಯ ಆ ಹುಡುಗೀನೂ ಇದ್ಲು, ಈಗ ಎತ್ತರಕ್ಕೆ ಬೆಳೆದಿದಾಳೆ.

ವಾರದ ಮೇಲೆ ಮಗಳು ಮನೆ ಖಾಲಿ ಮಾಡ್ತಾ ನನ್ನನ್ನ ಕರೆದ್ಲು. ಮಿಕ್ಕ ಚಿಲಕಗಳನ್ನ ಕರ್ಚೀಫಿನ ಸಮೇತ ಕೊಟ್ಟು, "ಅಂಕಲ್, ಇದನ್ನ ಅಮ್ಮಿ ನಿಮಗೇ ಕೊಡು ಅಂತಿದ್ರು" ಅಂದ್ಲು. ಆಮೇಲೆ ಹಳೇ ಫೋನ್ ತೋರ್ಸಿ, "ಇದರ ಲೈನ್ ಕ್ಯಾನ್ಸಲ್ ಮಾಡ್ತಿದೀನಿ. ಅದಕ್ಕೆ ಮುಂಚೆ ನೀವು ಒಂದ್ಸಲ ನೋಡ್ಬಿಡಿ. ಇದರಲ್ಲಿ ನಿಮ್ಮ ವಿಷಯ ಇದೆ ಅನ್ಸುತ್ತೆ" ಅಂದ್ಲು.

ಖಾಲಿ ಮನೆ. ನೆಲದ ಮೇಲೆ ಕೂತು ಓದಿದೆ. ಇಂಗ್ಲಿಷ್ ನನಗೆ ನಿಧಾನ, ಒಂದೊಂದೇ ಪದ ಬೆರಳಿಟ್ಟು ಓದೋನು. ಕನ್ನಡದಲ್ಲಿ ಹೇಳ್ತೀನಿ.

ಗುರುವಾರ, ಅಕ್ಕ ಬರೆದಿದ್ದು: ಈ ಶನಿವಾರ ಮನೆ ನೋಡೋಕೆ ಹೋಗೋಕಾಗ್ತಿಲ್ಲ, ಮುಂದಿನ ಶನಿವಾರ ಹೋಗ್ತೀವಿ. ಕ್ಷಮಿಸಿ. ಚಿಲಕ ಹಾಕೋ ನಮ್ಮ ತಮ್ಮನಿಗೆ ಪರೀಕ್ಷೆ ಇದೆ.

ಆ ಕಡೆಯಿಂದ ಮಗಳು: ಅಮ್ಮ ಕೇಳ್ತಿದಾರೆ, ಏನು ಪರೀಕ್ಷೆ?

ಅಕ್ಕ: ಸ್ಕೂಲಿಂದು. ಅವನಿಗೆ ನಲವತ್ತಾರು.

ಮಗಳು: ಅಮ್ಮ ನಗ್ತಿದಾರೆ. ಬಹಳ ದಿನ ಆಗಿತ್ತು ನಕ್ಕು. ಅವನು ಬರೀಲಿ ಅಂತಾರೆ. ಇಷ್ಟು ದಿನ ಕೂತಿದೀವಿ, ಇನ್ನೊಂದು ವಾರ ಕೂತಿರ್ತೀವಿ ಅಂತಾರೆ.

ಭಾನುವಾರ ಒಂದು ಮೆಸೇಜ್, ಆ ಕಡೆಯಿಂದ: ಅಮ್ಮ ಕೇಳ್ತಿದಾರೆ, ಪಾಸಾದ್ನಾ?

ಸೋಮವಾರ ಅಕ್ಕ: ಪಾಸಾದ.

ಅದರ ಕೆಳಗೆ ಒಂದೇ ಟಿಕ್. ಒಂದು ಅಂದ್ರೆ ಇಲ್ಲಿಂದ ಹೋಗಿದೆ ಅಂತ. ಎರಡು ಬಿದ್ರೆ ಆ ಕಡೆ ಫೋನಿಗೆ ಸೇರಿದೆ ಅಂತ. ಎರಡನೇದು ಬಿದ್ದೇ ಇಲ್ಲ. ಅದರ ಕೆಳಗೆ ಮುಂದಿನ ಶನಿವಾರದ ಫೋಟೋ, ಬಾಗಿಲು, ಚಿಲಕ, ಅಂಚಲ್ಲಿ ನನ್ನ ಹೆಬ್ಬೆರಳು. ಒಂದೇ ಟಿಕ್. ಅದರ ಕೆಳಗೆ ವರ್ಷಗಳಷ್ಟು ಅಕ್ಕನ ಮೆಸೇಜು, ಎಲ್ಲಾ ಚಿಕ್ಕ ಚಿಕ್ಕವು. ಹೇಗಿದೀರಿ. ಈ ನಂಬರ್ ಇದೆ. ಈ ನಂಬರ್ ಇನ್ನೂ ಇದೆ.

ಭಾನುವಾರ ಅವರು ಇದ್ರು. ಅಂದ್ರೆ ಶನಿವಾರ ಫೋಟೋ ಹೋಗಿದ್ರೆ ಸೇರ್ತಿತ್ತು.

ಹೆಂಡತಿ ಹೇಳ್ತಾಳೆ, "ಬಸ್ಸು ಆವತ್ತೇ ಬರ್ತಿತ್ತು ಅಂತ ಏನು ಗ್ಯಾರಂಟಿ? ಟವರ್ ಬಿದ್ದಿರ್ಬಹುದು, ಫೋನ್ ಕಳೆದಿರ್ಬಹುದು. ಅವರು ಎಲ್ಲೋ ಪೋಲೆಂಡಲ್ಲೋ ಜರ್ಮನೀಲೋ ಆರಾಮಾಗಿರ್ಬಹುದು ಕಣ್ರೀ." ಇರ್ಬಹುದು. ಅವಳು ಆಸ್ಪತ್ರೇಲಿ ಇಂಥಾ ಮಾತನ್ನ ದಿನಾ ಹೇಳಿ ಹೇಳಿ ಅಭ್ಯಾಸ ಇರೋಳು, ಸುಳ್ಳು ಹೇಳಲ್ಲ. ಆದ್ರೂ ಸರ್ಟಿಫಿಕೇಟನ್ನ ಗೋಡೆಯಿಂದ ತೆಗೆದೆ. ಅವಳು ಮತ್ತೆ ಹಾಕಿದ್ಲು. ಮತ್ತೆ ತೆಗೆದೆ. ಮೂರನೇ ಸಲ ಹಾಕಿದಾಗ, "ಆ ಮುದುಕಿ ಕೇಳಿದ್ದು ಇದನ್ನೇ ತಾನೇ?" ಅಂದ್ಲು. ಬಿಟ್ಟೆ, ಇರ್ಲಿ ಅಂತ.

ಅಕ್ಕ ನನಗೆ ಯಾಕೆ ಸುಳ್ಳು ಹೇಳಿದ್ರು ಅಂತ ಗೊತ್ತು. ಪರೀಕ್ಷೆಗೆ ಕೂರದೇ ಶಾರ್ಲಟ್‌ಗೆ ಹೊರಡ್ತಾನೆ ಅಂತ. ಆಮೇಲೆ ನಿಜ ಯಾಕೆ ಹೇಳ್ಲಿಲ್ಲ ಅಂತಾನೂ ಗೊತ್ತು. ಅಷ್ಟು ವರ್ಷ ಆ ಫೋನನ್ನ ಒಬ್ಬರೇ ಇಟ್ಕೊಂಡಿದ್ರಲ್ಲ.

ಲೈನ್ ಕ್ಯಾನ್ಸಲ್ ಮಾಡ್ಬೇಡಮ್ಮ ಅಂತ ಮಗಳಿಗೆ ಹೇಳಿ ನನ್ನ ಹೆಸರಿಗೆ ಬರೆಸ್ಕೊಂಡೆ. ಹೋದ ಶನಿವಾರ ಮಧ್ಯಾಹ್ನ ಕೂತು ಅದರಲ್ಲಿ ಒಂದು ಮೆಸೇಜ್ ಬರೆದೆ. ಅಕ್ಕ ಆಗ್ಲೇ ಜವಾಬು ಕೊಟ್ಟಿದಾರೆ, ಆದ್ರೆ ಕೇಳಿದ್ದು ನನ್ನ ಬಗ್ಗೆ, ನಾನೇ ಹೇಳ್ಬೇಕು ಅನ್ನಿಸ್ತು. ನಾಲ್ಕು ಸಾಲಿಗೆ ಒಂದು ಗಂಟೆ ಹಿಡೀತು. ಪರೀಕ್ಷೆ ಬರೆದೋನು ನಾನು. ಪಾಸಾದೆ. ಅಕ್ಕ ಈಗಿಲ್ಲ, ಈ ನಂಬರಲ್ಲಿ ನಾನಿದೀನಿ. ಯಾವ ಮನೆಗೆ ಬಂದ್ರೂ ಚಿಲಕ ನಾನು ಹಾಕಿಕೊಡ್ತೀನಿ, ಕೈಗೆ ಎಟುಕೋ ಹಂಗೆ, ಸ್ವಲ್ಪ ಕೆಳಗೆ.

ಕಳಿಸಿದೆ. ಒಂದು ಟಿಕ್ ಬಿತ್ತು. ಫೋನನ್ನ ಚಾರ್ಜಿಗೆ ಹಾಕಿ, ಸ್ಕ್ರೀನ್ ಮೇಲ್ಮುಖ ಮಾಡಿ ಇಟ್ಟಿದೀನಿ.